ಗಂಡಾಂತರದ ಕ್ರಿಯಾಪದಗಳು

ಕ್ರಿಯಾಪದವೆಂಬುದು ವಾಕ್ಯವೆಂಬ ಬಂಡಿಯ ಎತ್ತು. ಕರ್ತೃಪದವು ದೊಡ್ಡ ಮನುಷ್ಯನಂತೆ ಮೂಕಿಯ ಹತ್ತಿರ ಕುಳಿತಿರುತ್ತದೆ. ಕರ್ಮಪದವು ಹೇರಿದ ಚೀಲದಂತೆ ಹಿಂದೆ ಬಿದ್ದಿರುತ್ತದೆ. ಎಳೆಯುವ ಕಷ್ಟವೆಲ್ಲ ಕ್ರಿಯಾಪದದ್ದು. ಎತ್ತುಗಳಲ್ಲಿ ಗುಣಭೇದವಿರುವುದು ಒಕ್ಕಲಿಗನಿಗೆ ಗೊತ್ತು. ಒಂದು ಏರಿಗೆ ಒಳ್ಳೆಯದು, ಇನ್ನೊಂದು ಕೆಸರಿಗೆ ಒಳ್ಳೆಯದು, ಮತ್ತೊಂದು ಹಾಯುವುದಕ್ಕೆ ಮಾತ್ರ ಒಳ್ಳೆಯದು. ಇಂಗ್ಲೀಷು ಭಾಷೆಯಲ್ಲಿ ಅಪಾಯಕ್ಕೆ ಸಂಬಂಧಿಸಿದ ಕ್ರಿಯಾಪದಗಳದೇ ಒಂದು ಹಿಂಡು ಇದೆ: ರಿಸ್ಕ್, ಹ್ಯಾಜರ್ಡ್, ವೆಂಚರ್, ಡೇರ್, ಬ್ರೇವ್, ಸ್ಟೇಕ್, ಎಂಡೇಂಜರ್, ಜೆಪರ್ಡೈಸ್. ನನ್ನ ಬಳಿಯಿರುವ ಚಿಕ್ಕ ನಿಘಂಟಿನಲ್ಲಿ ಇವುಗಳಲ್ಲಿ ಹೆಚ್ಚಿನವಕ್ಕೆ ಕೊಟ್ಟಿರುವ ಅರ್ಥ ಒಂದೇ, ‘ಅಪಾಯಕ್ಕೆ ಒಡ್ಡು’. ಎಂಟು ಎತ್ತುಗಳನ್ನು ತಂದು ಒಂದೇ ಗೂಟಕ್ಕೆ ಕಟ್ಟಿದ ಹಾಗಾಯಿತು!

ಬಿ.ಎ. ಕೊನೆಯ ವರ್ಷದಲ್ಲಿ ಇಂಗ್ಲೀಷನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡಿರುವ ನನಗೆ ಈ ಹಿಂಡಿನ ಪರಿಚಯವಾದದ್ದು ತರಗತಿಯಲ್ಲಿ. 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆಯ ನಾಲ್ಕು ತಾಲೂಕುಗಳ ಹುಡುಗ ಹುಡುಗಿಯರು ನಮ್ಮಲ್ಲಿ ಹೆಚ್ಚು: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಪ್ರಾಧ್ಯಾಪಕರು ಎಂಟು ಪದಗಳನ್ನೂ ಹಲಗೆಯ ಮೇಲೆ ಬರೆದು ಹೀಗೆ ಹೇಳಿದರು: “ಪುಸ್ತಕದೊಳಗಿನ ವಾಕ್ಯ ನನಗ ಬ್ಯಾಡ. ಹುಲಿ ಬೇಟೆ ಆಡೋ ಸಾಹೇಬ್ರ ಕಥಿನೂ ಬ್ಯಾಡ. ನಿಮ್ಮ ನಿಮ್ಮ ತಾಲೂಕಿನಾಗ ಯಾರು ಏನು ಗಂಡಾಂತರಕ್ಕ ಕೈ ಹಾಕ್ಯಾರ, ನೋಡಿ ಒಂದೊಂದು ವಾಕ್ಯ ತರ್ರಿ.” ಹಾಗೆ ಹುಟ್ಟಿದ ವಾಕ್ಯಗಳನ್ನು ವಾಚಕರ ಮುಂದಿಡುವುದೇ ಈ ಪ್ರಬಂಧದ ಉದ್ದೇಶ. ಅದಕ್ಕೆ ಮೊದಲು ಸ್ವಲ್ಪ ವ್ಯಾಕರಣವನ್ನು ಸಹಿಸಿಕೊಳ್ಳಬೇಕೆಂದು ಬಿನ್ನಹ.

‘ರಿಸ್ಕ್’ ಎಂಬ ಪದವನ್ನೇ ನೋಡಿರಿ. ಅದರ ಮುಂದೆ ಮೂರು ಬಗೆಯ ಕರ್ಮಪದಗಳು ಬರುತ್ತವೆ. ಕಳೆದುಹೋಗಬಹುದಾದ ವಸ್ತು ಬರಬಹುದು: ಅವನು ಪ್ರಾಣವನ್ನು ರಿಸ್ಕ್ ಮಾಡಿದನು. ಬರಬಹುದಾದ ಕೇಡು ಬರಬಹುದು: ಅವನು ಸಾವನ್ನು ರಿಸ್ಕ್ ಮಾಡಿದನು. ಮಾಡಲು ಹೊರಟ ಕೆಲಸವೇ ಬರಬಹುದು: ಅವನು ಹೊಳೆಗೆ ಹಾರುವುದನ್ನು ರಿಸ್ಕ್ ಮಾಡಿದನು. ಪ್ರಾಣ, ಸಾವು, ಹಾರುವುದು: ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರೂ ಒಂದೇ ಕ್ರಿಯಾಪದದ ಕೊರಳಿಗೆ ಬೀಳುತ್ತವೆ. ಕನ್ನಡದಲ್ಲಿಯಾದರೆ ಪ್ರಾಣವನ್ನು ಪಣಕ್ಕಿಡಬೇಕು, ಸಾವಿಗೆ ಎದೆಯೊಡ್ಡಬೇಕು, ಹೊಳೆಗೆ ಹಾರುವ ಧೈರ್ಯ ಮಾಡಬೇಕು. ಪರೀಕ್ಷೆಯ ದೃಷ್ಟಿಯಿಂದ ಇನ್ನೊಂದು ಮಾತು. ‘ರಿಸ್ಕ್’ ಆದ ಮೇಲೆ ಬರುವ ಕ್ರಿಯೆಗೆ ‘ಇಂಗ್’ ಪ್ರತ್ಯಯ ಹತ್ತಬೇಕು. ‘ಡೇರ್’ ಆದ ಮೇಲೆ ಅದು ಹತ್ತಲಾರದು, ‘ಟು’ ಹತ್ತೀತು ಅಥವಾ ಬರಿಯ ಕ್ರಿಯಾಪದವೇ ಬಂದೀತು. ಇನ್ನು ‘ಟೇಕ್ ಎ ರಿಸ್ಕ್’ ಎಂದರೆ ತಿಳಿದು ತಿಳಿದೂ ಕೈಹಾಕುವುದು. ‘ರನ್ ಎ ರಿಸ್ಕ್’ ಎಂದರೆ ತಿಳಿದೋ ತಿಳಿಯದೆಯೋ ಅಪಾಯದ ದಾರಿಯಲ್ಲಿ ಇರುವುದು. ಮೊದಲನೆಯದರಲ್ಲಿ ಮನುಷ್ಯನ ಇಚ್ಛೆಯಿದೆ. ಎರಡನೆಯದರಲ್ಲಿ ಇಚ್ಛೆ ಇರಲೇಬೇಕೆಂಬ ನಿಯಮವಿಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಈ ಪದಗಳ ವಂಶಾವಳಿಯೂ ಸ್ವಾರಸ್ಯವಾಗಿದೆ. ‘ಹ್ಯಾಜರ್ಡ್’ ಎಂಬುದು ಮೊದಲು ಒಂದು ದಾಳದ ಆಟದ ಹೆಸರು. ಅದರ ಮೂಲ ದಾಳವೆಂಬ ಅರ್ಥದ ಅರಬ್ಬೀ ಮಾತಿರಬಹುದೆಂದು ಪಂಡಿತರ ಊಹೆ. ‘ಚಾನ್ಸ್’ ಎಂದರೆ ಬೀಳುವುದು, ಲ್ಯಾಟಿನ್ನಿನ ಬೀಳುವ ಧಾತುವಿನಿಂದ ಬಂದದ್ದು. ‘ಜೆಪರ್ಡಿ’ ಎಂಬುದು ಹಳೆಯ ಫ್ರೆಂಚಿನಲ್ಲಿ ‘ಹಂಚಿಹೋದ ಆಟ’. ಸೋಲು ಗೆಲುವುಗಳ ತಕ್ಕಡಿ ಸಮವಾಗಿ ನಿಂತ ಸ್ಥಿತಿ. ‘ಸ್ಟೇಕ್’ ಅಂತೂ ಜೂಜಿನ ಪಣವೇ ಸರಿ. ‘ವೆಂಚರ್’ ಎಂಬುದು ‘ಅಡ್ವೆಂಚರ್’ ಎಂಬುದರ ತಲೆ ಕತ್ತರಿಸಿದ ರೂಪ. ಬರಲಿರುವುದು ಎಂದು ಅದರ ಮೂಲಾರ್ಥ. ‘ರಿಸ್ಕ್’ ಮಾತ್ರ ವ್ಯಾಪಾರಿಗಳ ಕೈಯಲ್ಲಿ ಬೆಳೆದ ಪದ, ಇಟಲಿಯಿಂದ ಫ್ರಾನ್ಸಿಗೆ ಹೋಗಿ 17ನೆಯ ಶತಮಾನದಲ್ಲಿ ಇಂಗ್ಲೆಂಡಿಗೆ ಬಂದಿತು. ‘ಪೆರಿಲ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಪರೀಕ್ಷೆ ಎಂಬ ಅರ್ಥವೂ ಇತ್ತು. ಅನುಭವ, ಪ್ರಯೋಗ ಎಂಬ ಅರ್ಥದ ಇಂಗ್ಲೀಷು ಪದಗಳು ಅದರ ದಾಯಾದಿಗಳು. ಎಲ್ಲಕ್ಕಿಂತ ವಿಚಿತ್ರವಾದದ್ದು ‘ಡೇಂಜರ್’. ಒಡೆಯನ ಅಧಿಕಾರ ಎಂಬುದೇ ಅದರ ಹಳೆಯ ಅರ್ಥ. ಡೇಂಜರಿನಲ್ಲಿ ಇರುವುದೆಂದರೆ ಇನ್ನೊಬ್ಬನ ಕೈಯಳತೆಯಲ್ಲಿ, ಅವನ ಮರ್ಜಿಯಲ್ಲಿ ಇರುವುದು. ಸಾಲ ಮಾಡಿದವರಿಗೆ ಈ ಅರ್ಥವನ್ನು ಬಿಡಿಸಿ ಹೇಳುವ ಕಾರಣವಿಲ್ಲ.

ಅಂದ ಮೇಲೆ ಇಂಗ್ಲೀಷಿನ ಅಪಾಯದ ಮಾತುಗಳಲ್ಲಿ ಅರ್ಧಪಾಲು ಜೂಜಿನ ಹಾಸಿನಿಂದ ಎದ್ದು ಬಂದವು. ಕನ್ನಡವೇನು ಕಡಿಮೆಯೆ? ‘ಪಣಕ್ಕಿಡು’ ಎಂಬ ನಮ್ಮ ಮಾತೂ ಅಲ್ಲಿಂದಲೇ ಬಂದದ್ದು. ಇದನ್ನು ತರಗತಿಯಲ್ಲಿ ಎತ್ತಿ ತೋರಿಸಿದವನು ಹಾನಗಲ್ಲಿನ ಗೆಳೆಯ. ಅವನ ವಾಕ್ಯವು ‘ಸ್ಟೇಕ್’ ಎಂಬುದಕ್ಕೆ: “ಧರ್ಮರಾಯನು ದ್ರೌಪದಿಯನ್ನು ಪಣಕ್ಕಿಟ್ಟನು.”

“ಹಸ್ತಿನಾವತಿಯ ಕಥೆ ಹಾನಗಲ್ಲಿನದು ಹೇಗಾಯಿತಪ್ಪಾ?” ಎಂದು ಪ್ರಾಧ್ಯಾಪಕರು ಕೇಳಿದರು. ಗೆಳೆಯನು ಸಿದ್ಧವಾಗಿಯೇ ಬಂದಿದ್ದನು. ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್ಲು; ಕದಂಬರ ಒಂದು ಶಾಖೆ ಅಲ್ಲಿಂದ ಆಳಿತು; ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ನೋಡಲು ಇಂದಿಗೂ ಜನ ದೂರದಿಂದ ಬರುತ್ತಾರೆ. ಆ ಊರಿಗೆ ಶಾಸನಗಳಲ್ಲಿ ವಿರಾಟನ ಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಉಂಟು. ಊರಲ್ಲೊಂದು ಕುಂತಿಯ ದಿಬ್ಬವೂ ಇದೆ. ರಾಜಸ್ಥಾನದ ಬೈರಾಟದವರು ವಿರಾಟನಗರ ತಮ್ಮದೆನ್ನುತ್ತಾರೆ; ಆ ವ್ಯಾಜ್ಯವನ್ನು ಇತಿಹಾಸದವರಿಗೆ ಬಿಡೋಣ. ನಮ್ಮ ಜನ ನಂಬಿರುವಂತೆ ಪಾಂಡವರು ಅಜ್ಞಾತವಾಸದ ಒಂದು ವರ್ಷವನ್ನು ಕಳೆದದ್ದು ಅಲ್ಲಿ. ಪಣವನ್ನು ಒಡ್ಡಿದ್ದು ಹಸ್ತಿನಾವತಿಯಲ್ಲಿ. ಅದರ ಬೆಲೆಯ ಕೊನೆಯ ಕಂತನ್ನು ತೆತ್ತದ್ದು ವಿರಾಟನ ಊರಿನಲ್ಲಿ. ತೆತ್ತವರು ಯಾರು? ಧರ್ಮರಾಯನು ಕಂಕಭಟ್ಟನಾಗಿ ಅರಸನ ಸಂಗಡ ಮತ್ತೆ ಪಗಡೆಯಾಡುತ್ತ ಕುಳಿತಿದ್ದನು. ಸೈರಂಧ್ರಿಯಾಗಿ ರಾಣಿಯ ತಲೆ ಬಾಚುತ್ತ, ಕೀಚಕನ ಕಾಲಿನ ಒದೆ ತಿಂದವಳು ದ್ರೌಪದಿ.

ಆಗ ಪ್ರಾಧ್ಯಾಪಕರು ಹಲಗೆಯತ್ತ ತಿರುಗಿ, ವಾಕ್ಯದ ಕರ್ತೃಪದಕ್ಕೂ ಕರ್ಮಪದಕ್ಕೂ ಅಡಿಗೆರೆ ಎಳೆದರು. ದ್ರೌಪದಿಯು ಸಭೆಗೆ ಕಳುಹಿಸಿದ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ: ಅರಸನು ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಯದು? ಭೀಷ್ಮಾದಿಗಳು ಇದನ್ನು ಧರ್ಮಸೂಕ್ಷ್ಮವೆಂದು ಕರೆದು ತಲೆ ತಗ್ಗಿಸಿದರು. ನನಗೆ ಅನಿಸುವಂತೆ ಅದು ವ್ಯಾಕರಣದ ಪ್ರಶ್ನೆಯೂ ಹೌದು. ಈ ಕ್ರಿಯಾಪದಕ್ಕೆ ಈ ಕರ್ತೃ ಸಲ್ಲುತ್ತಾನೆಯೆ? ಈ ಕರ್ತೃವಿಗೆ ಈ ಕರ್ಮ ಸಲ್ಲುತ್ತದೆಯೆ? ಅಪಾಯದ ಕ್ರಿಯಾಪದಗಳನ್ನೆಲ್ಲ ಜಾಲಾಡಿಸಿ ನೋಡಿದರೆ ಕಟ್ಟಕಡೆಗೆ ಉಳಿಯುವ ಪ್ರಶ್ನೆ ಇದೊಂದೇ: ಒಡ್ಡಿದವರು ಯಾರು, ಒಡ್ಡಿದ್ದು ಯಾರದು?

ಎರಡನೆಯ ವಾಕ್ಯವು ನಮ್ಮ ಹಿರೇಕೆರೂರು ತಾಲೂಕಿನದು, ‘ಹ್ಯಾಜರ್ಡ್’ ಎಂಬುದಕ್ಕೆ. ಅಬಲೂರು ಸರ್ವಜ್ಞನ ಹೆಸರಿನೊಂದಿಗೆ ಜನರ ನಾಲಿಗೆಯ ಮೇಲಿರುವ ಊರು. ಅದರ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಕಾಲದ ಒಂದು ದೊಡ್ಡ ಶಾಸನವಿದೆ. ಏಕಾಂತದ ರಾಮಯ್ಯನೆಂಬ ಶಿವಭಕ್ತನಿಗೂ ಊರಿನ ಜೈನರಿಗೂ ವಾದ ಬೆಳೆದು, ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಅರ್ಪಿಸಿ ಮರಳಿ ಪಡೆಯುವೆನೆಂದು ರಾಮಯ್ಯನು ಪಂಥ ಕಟ್ಟಿದನು. ಏಳು ದಿನಗಳಾದ ಮೇಲೆ ಪಡೆದನು. ಸೋತವರು ಮಾತಿಗೆ ನಿಲ್ಲಲಿಲ್ಲವೆಂದು ಅವರ ಜಿನಪ್ರತಿಮೆಯನ್ನು ಕೆಡವಿದನು. ದೂರು ಬಿಜ್ಜಳನವರೆಗೆ ಹೋಗಿ, ಬಿಜ್ಜಳನು ರಾಮಯ್ಯನಿಗೆ ಜಯಪತ್ರ ಕೊಟ್ಟನು. ಹೀಗೆಂದು ಶಾಸನ ಹೇಳುತ್ತದೆ. ಮುಂದೆ ಹಾನಗಲ್ಲಿನ ಕದಂಬ ಕಾಮದೇವನು ಈ ವೃತ್ತಾಂತ ಕೇಳಿ ದೇವಾಲಯಕ್ಕೆ ದತ್ತಿ ಬಿಟ್ಟನೆಂದೂ ಅದರಲ್ಲಿದೆ. ಹೀಗೆ ನಮ್ಮ ಎರಡು ತಾಲೂಕುಗಳು ಒಂದೇ ಕಲ್ಲಿನಲ್ಲಿ ಕೂಡಿವೆ.

ಪವಾಡದ ನಿಜಾನಿಜಗಳನ್ನು ನಾನು ಇಲ್ಲಿ ಚರ್ಚಿಸುವುದಿಲ್ಲ. ಕ್ರಿಯಾಪದವನ್ನಷ್ಟೇ ನೋಡುತ್ತೇನೆ. ತನ್ನ ತಲೆಯನ್ನು ಒಡ್ಡಿದ ತನಕ ಅದು ರಾಮಯ್ಯನ ಸ್ವಂತ ವ್ಯವಹಾರ. ಅದರಲ್ಲಿ ಯಾರ ತಕರಾರೂ ಇರಲಾರದು. ಆದರೆ ಪಂಥದ ಇನ್ನೊಂದು ತಟ್ಟೆಯಲ್ಲಿದ್ದದ್ದು ಊರಿನ ಒಂದು ಬಳಗದ ಬಸದಿ. ವಾದಕ್ಕೆ ನಿಂತವರು ನಾಲ್ಕು ಮಂದಿ ಇದ್ದಾರು. ಆ ಬಸದಿಯಲ್ಲಿ ದಿನಾಲು ಕೈಮುಗಿಯುತ್ತಿದ್ದ ಮುದುಕಿಯನ್ನು, ಮಗುವನ್ನು ಯಾರು ಕೇಳಿದರು? ಶಾಸನವನ್ನು ಬರೆಯಿಸಿದ್ದು ಗೆದ್ದ ಪಕ್ಷ. ಸೋತವರ ಕಲ್ಲು ನಮಗೆ ಸಿಕ್ಕಿಲ್ಲ. ಎರಡು ಧರ್ಮದವರೂ ಇಂದು ನಮ್ಮ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಈ ಕಥೆ ಕೇಳಿದರೆಂಬುದನ್ನು ಸಂತೋಷದಿಂದ ಹೇಳಬೇಕಾಗಿದೆ.

ಶಿಗ್ಗಾಂವಿಯ ಗೆಳತಿಯು ಎರಡು ವಾಕ್ಯಗಳನ್ನು ತಂದಿದ್ದಳು. ಆ ತಾಲೂಕಿನಲ್ಲಿ ದೊಡ್ಡವರು ಹೆಚ್ಚೆಂದು ಅವಳ ಅಭಿಮಾನ. ‘ಡೇರ್’ ಎಂಬುದಕ್ಕೆ ಬಾಡದ ಕನಕದಾಸರು. ಪಾಳೆಯಗಾರರ ಮನೆತನದಲ್ಲಿ ಹುಟ್ಟಿ, ಕತ್ತಿ ಹಿಡಿದು ಕಾದಿ, ರಣದಲ್ಲಿ ಗಾಯಗೊಂಡು ಬದುಕಿ, ಬಳಿಕ ಕತ್ತಿಯನ್ನು ಕೆಳಗಿಟ್ಟು ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ಹಾಡಿದವರು ಎಂದು ಅವರ ಬಗ್ಗೆ ನಾವು ಕೇಳುತ್ತ ಬಂದಿದ್ದೇವೆ. ಯುದ್ಧಕ್ಕೆ ಹೋಗುವುದು ಧೈರ್ಯ. ಗೆಲ್ಲಬಲ್ಲವನು ಯುದ್ಧವನ್ನು ಬಿಟ್ಟು ಬರುವುದು ಇನ್ನೂ ದೊಡ್ಡ ಧೈರ್ಯ. ‘ರಾಮಧಾನ್ಯ ಚರಿತೆ’ಯಲ್ಲಿ ಬತ್ತಕ್ಕೂ ರಾಗಿಗೂ ನ್ಯಾಯ ಹಚ್ಚಿ ರಾಗಿಯನ್ನು ಗೆಲ್ಲಿಸಿದ್ದು ಬರಿಯ ಅಡುಗೆಮನೆಯ ತೀರ್ಪಲ್ಲ, ಬಡವನ ಅನ್ನಕ್ಕೆ ರಾಜಸಭೆಯಲ್ಲಿ ಪೀಠ ಕೊಡಿಸಿದ ಎದೆಗಾರಿಕೆ ಅದು.

‘ಬ್ರೇವ್’ ಎಂಬುದಕ್ಕೆ ಶಿಶುನಾಳದ ಷರೀಫರು. ಇಲ್ಲಿ ಒಂದು ಸೂಕ್ಷ್ಮವಿದೆ. ‘ಡೇರ್’ ಎಂಬುದರ ಮುಂದೆ ಬರುವುದು ಮಾಡುವ ಕೆಲಸ. ‘ಬ್ರೇವ್’ ಎಂಬುದರ ಮುಂದೆ ಬರುವುದು ಎದುರಿಗೆ ಬಂದ ಗಾಳಿಮಳೆ, ಇಲ್ಲವೆ ಜನರ ಮಾತು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರು ಮುಸಲ್ಮಾನರ ಮನೆಯ ಮಗ. ಅವರ ಗುರು ಕಳಸದ ಗೋವಿಂದ ಭಟ್ಟರು ಬ್ರಾಹ್ಮಣರು. ಆಡಿಕೊಂಡವರು ಎರಡೂ ಕಡೆಗೆ ಇದ್ದರು. ಗುರುವೂ ಶಿಷ್ಯನೂ ಆ ಮಾತಿನ ಮಳೆಯಲ್ಲಿ ನೆನೆಯುತ್ತ ಒಂದೇ ಕೊಡೆಯ ಕೆಳಗೆ ನಡೆದರು. ಇಬ್ಬರೂ ತಂತಮ್ಮ ಮಾನವನ್ನೇ ಒಡ್ಡಿಕೊಂಡರು, ಮತ್ತೊಬ್ಬರದನ್ನಲ್ಲ. ಆದುದರಿಂದಲೇ ಅವರ ಪದಗಳು ಇಂದಿಗೂ ಏಕತಾರಿಯ ಮೇಲೆ ಉಳಿದಿವೆ.

ಸವಣೂರಿನ ಗೆಳೆಯನಿಗೆ ‘ವೆಂಚರ್’ ಬಂದಿತ್ತು. ಅವನ ಮನೆಯವರು ಎಲೆಬಳ್ಳಿಯ ತೋಟದವರು. ಸವಣೂರಿನ ವೀಳ್ಯದೆಲೆಯ ಹೆಸರು ವಾಚಕರು ಕೇಳಿಯೇ ಇರುತ್ತಾರೆ. ಎಲೆ ಕೊಯ್ದು ಪೆಂಡಿ ಕಟ್ಟಿ ಬುಟ್ಟಿಯಲ್ಲಿ ತುಂಬಿ ಕಳಿಸಿದ ಮೇಲೆ ಅದು ಬಾಡುವುದರೊಳಗೆ ಗಿರಾಕಿಯ ಬಾಯಿ ಸೇರಬೇಕು. ತಡವಾದರೆ ಲಾಭದ ಜೊತೆಗೆ ಅಸಲೂ ಬಾಡಿಹೋಗುತ್ತದೆ. ಹಡಗು ತುಂಬಿ ಸಮುದ್ರಕ್ಕೆ ಬಿಡುತ್ತಿದ್ದ ವ್ಯಾಪಾರಿಯ ‘ವೆಂಚರ್’ ಇದಕ್ಕಿಂತ ಬೇರೆಯಲ್ಲ. ಆದರೆ ಅವನು ವಾಕ್ಯ ಮಾಡಿದ್ದು ಎಲೆಯ ಮೇಲಲ್ಲ, ವಿನಾಯಕ ಕೃಷ್ಣ ಗೋಕಾಕರ ಮೇಲೆ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ಅವರು ಇಂಗ್ಲೀಷಿನ ಪ್ರಾಧ್ಯಾಪಕರಾದರು. 1936ರಲ್ಲಿ ಹಡಗು ಹತ್ತಿ ಆಕ್ಸ್‌ಫರ್ಡಿಗೆ ಹೋದರು. ಸಮುದ್ರವಿಲ್ಲದ ಊರಿನ ಹುಡುಗ ಸಮುದ್ರವನ್ನು ಕಂಡು ‘ಸಮುದ್ರ ಗೀತೆಗಳು’ ಬರೆದರು. ಇಂಗ್ಲೀಷಿನಲ್ಲಿ ಪದವಿಯೂ ಪ್ರತಿಷ್ಠೆಯೂ ಕೈಯಲ್ಲಿದ್ದಾಗ, ಬೇಂದ್ರೆಯವರ ಸಹವಾಸದಲ್ಲಿ ಕನ್ನಡಕ್ಕೆ ಒಲಿದು, ಬಾಳಿನ ದೊಡ್ಡ ಪಾಲನ್ನು ಕನ್ನಡದಲ್ಲಿ ಹೂಡಿದರು. 1990ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಿತು. ಹೂಡಿದ ಆಯುಷ್ಯ ಅವರದೇ. ಬಂದ ಲಾಭ ಮಾತ್ರ ಕನ್ನಡಿಗರೆಲ್ಲರದು. ‘ವೆಂಚರ್’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ತಾಲೂಕಿನ ಗಡಿ ದಾಟಿದರೂ ಚಿಂತೆಯಿಲ್ಲವೆಂದು ಪ್ರಾಧ್ಯಾಪಕರೇ ಒಂದು ವಾಕ್ಯ ಕೊಟ್ಟರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಾಂಡಿ ಯಾತ್ರೆಯಲ್ಲಿ ಗಾಂಧೀಜಿಯವರ ಹಿಂದೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಸರಕಾರದ ಕಂದಾಯ ವಸೂಲಿಯನ್ನು ತಡೆಯಲು ಹೋದಾಗ, ಗುಂಡಿಗೆ ಎದೆಯೊಡ್ಡಿ ಪ್ರಾಣ ಬಿಟ್ಟರು. ಅವರ ಸಂಗಡ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬಿಬ್ಬರೂ ಬಿದ್ದರು. ಪತ್ನಿ ಸಿದ್ದಮ್ಮನವರನ್ನು ಅವರು ಪಣಕ್ಕಿಟ್ಟರೇ ಎಂದು ಯಾರಾದರೂ ಕೇಳಬಹುದು. ಇಲ್ಲ. ಸಿದ್ದಮ್ಮನವರು ತಾವೇ ಚಳವಳಿಗೆ ಇಳಿದು ಸೆರೆಮನೆ ಕಂಡವರು. ಆ ವಾಕ್ಯದಲ್ಲಿ ಅವರು ಕರ್ಮಪದವಲ್ಲ, ಎರಡನೆಯ ಕರ್ತೃಪದ. ದ್ರೌಪದಿಗೂ ಸಿದ್ದಮ್ಮನವರಿಗೂ ನಡುವಣ ದೂರವನ್ನು ಒಂದು ವಿಭಕ್ತಿ ಪ್ರತ್ಯಯದಿಂದ ಅಳೆಯಬಹುದಾಗಿದೆ.

ಇನ್ನು ‘ಎಂಡೇಂಜರ್’. ಈ ಕ್ರಿಯಾಪದವು ಬಹುತೇಕ ಇನ್ನೊಬ್ಬರ ಮೇಲೆಯೇ ಬೀಳುವುದು. ಇದಕ್ಕೆ ವಾಕ್ಯ ಹುಡುಕಲು ಇತಿಹಾಸಕ್ಕೆ ಹೋಗುವ ಅಗತ್ಯವಿರಲಿಲ್ಲ. ಕಾಲೇಜಿನ ಎದುರಿನ ರಸ್ತೆಗೆ ಹೋದರೆ ಸಾಕು. ಸುಗ್ಗಿಯ ದಿನಗಳಲ್ಲಿ ಆಳುಮಕ್ಕಳನ್ನು ತುಂಬಿಕೊಂಡು ಹೋಗುವ ಗೂಡ್ಸ್ ಗಾಡಿಗಳನ್ನು ಯಾರು ನೋಡಿಲ್ಲ? ನಿಂತವರು, ಕುಂತವರು, ಬಾಗಿಲಿಗೆ ಜೋತುಬಿದ್ದವರು, ಮಡಿಲಲ್ಲಿ ಕೂಸು ಹಿಡಿದವರು. ಕೇಳಿದರೆ ಚಾಲಕನು, “ಏನ್ ಮಾಡೋದ್ರಿ, ರಿಸ್ಕ್ ತಗೋಬೇಕಾಗ್ತತಿ” ಎನ್ನುತ್ತಾನೆ. ನಮ್ಮ ಕಾಲದ ಮಂತ್ರವಿದು. ಹಣ ಹೂಡುವವನೂ ರಿಸ್ಕ್ ತಗೊಳ್ಳುತ್ತಾನೆ, ಮೊಬೈಲಿನಲ್ಲಿ ಇಸ್ಪೀಟಾಡುವವನೂ ರಿಸ್ಕ್ ತಗೊಳ್ಳುತ್ತಾನೆ. ಮೇಲೆ ನೆನಪಿಡಲು ಹೇಳಿದ ಭೇದ ಈಗ ಬೇಕಾಯಿತು. ‘ಟೇಕ್’ ಮಾಡುವವನು ಚಾಲಕ. ‘ರನ್’ ಮಾಡುವವರು ಹಿಂದೆ ನಿಂತ ಹೆಂಗಸರು. ಅವರಿಗೆ ಕೂಲಿಯ ಇಚ್ಛೆಯಿದೆ, ಅಪಾಯದ ಇಚ್ಛೆಯಿಲ್ಲ. ತೆಗೆದುಕೊಂಡ ಲಾಭವೆಲ್ಲ ಮುಂದಿನ ಸೀಟಿಗೆ, ಓಡುವ ಗಂಡಾಂತರವೆಲ್ಲ ಹಿಂದಿನ ತೊಟ್ಟಿಗೆ!

ಕೊನೆಗೆ ಉಳಿದದ್ದು ‘ರಿಸ್ಕ್’ ಮತ್ತು ‘ಜೆಪರ್ಡೈಸ್’. ಇವು ನನ್ನ ಪಾಲಿಗೆ ಬಂದವು. ವಾಕ್ಯಕ್ಕಾಗಿ ನಾನು ದೂರ ಹೋಗಲಿಲ್ಲ, ನಮ್ಮ ಮನೆಯ ಪಡಸಾಲೆಗೆ ಹೋದೆನು.

ಒಕ್ಕಲುತನವೇ ಒಂದು ಜೂಜು ಎಂದು ನಮ್ಮ ಕಡೆಯ ಮಾತು. ಮುಂಗಾರು ನಂಬಿ ಬೀಜ ಬಿತ್ತಿದವನು ಮುಗಿಲಿನೊಡನೆ ಪಗಡೆಗೆ ಕುಳಿತವನೇ ಸರಿ. 2016ರಲ್ಲಿ ಆರಂಭವಾದ ಫಸಲು ವಿಮೆಯಲ್ಲಿ ಮುಂಗಾರಿನ ಧಾನ್ಯದ ಬೆಳೆಗೆ ರೈತನು ವಿಮಾ ಮೊತ್ತದ ಶೇಕಡಾ 2ರಷ್ಟು ಕಂತು ಕಟ್ಟಬೇಕೆಂದು ಗೊತ್ತುಮಾಡಿದರು. ಅಂಥ ವಿಮೆಯು ಮಳೆ ತಪ್ಪಿದ ಬೆಳೆಗೆ ಉಂಟು. ನೀರು ಬೀಳದ ಕೊಳವೆಬಾವಿಗೆ ಇಲ್ಲ. ನಾನು ಪಿ.ಯು.ಸಿ. ಓದುತ್ತಿದ್ದ ವರ್ಷ ಅಪ್ಪನಿಗೆ ಬೋರು ಕೊರೆಸುವ ಮನಸ್ಸಾಯಿತು. ನೆರೆಯ ಹೊಲದಲ್ಲಿ ನೀರು ಬಿದ್ದಿತ್ತು. ಇವರಿಗೆ ರಾತ್ರಿ ನಿದ್ದೆ ಬೀಳಲಿಲ್ಲ. ನಮ್ಮದು ಒಟ್ಟು ಐದು ಎಕರೆ: ಮೂರು ಅಪ್ಪನ ಪಾಲಿನದು, ಎರಡು ಅವ್ವನಿಗೆ ತವರಿನಿಂದ ಬಂದದ್ದು, ಅವಳ ಹೆಸರಿನಲ್ಲಿಯೇ ಇದ್ದದ್ದು. ಅವ್ವನ ಹೊಲ ಎರೆಭೂಮಿ, ಅದರ ಮೇಲೆ ಸಾಲ ಸಲೀಸಾಗಿ ಹುಟ್ಟುತ್ತದೆ ಎಂದು ಯಾರೋ ಹೇಳಿದ್ದರು.

“ನಿನ್ನ ಹೊಲದ ಉತಾರ ತಗದು ಕೊಡು. ಗಿರವಿ ಇಟ್ಟು ಬೋರು ಹೊಡಸ್ತೇನಿ” ಎಂದನು ಅಪ್ಪ.

ಅವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: “ನಿಮ್ಮದು ಮೂರ ಎಕರೆ ಐತೆಲ್ರಿ? ಅದನ್ನ ಮೊದಲ ಇಡವಲ್ರ್ಯಾಕ?”

“ನಂದು ನಿಂದು ಅನ್ನೋದೇನೈತಿ? ಎರಡೂ ಒಂದ ಅಲ್ಲೇನ?”

“ನೀರು ಬಿದ್ದರ ಎರಡೂ ಒಂದರಿ. ಬೀಳದಿದ್ದರ ಬ್ಯಾರೆ ಬ್ಯಾರೆ.”

ಅಪ್ಪನು ಆ ರಾತ್ರಿ ಊಟದ ತನಕ ಮಾತಾಡಲಿಲ್ಲ. ಬಳಿಕ, “ನೀ ಅನ್ನೋದೂ ಖರೆ ಐತಿ” ಎಂದಷ್ಟೇ ಹೇಳಿದನು. ಮರುದಿನ ತನ್ನ ಮೂರು ಎಕರೆಯ ಉತಾರವನ್ನೇ ತೆಗೆದುಕೊಂಡು ಹೋದನು. ಯಂತ್ರ ಬಂದು ಎರಡು ದಿನ ನಿಂತಿತು. ಊರಿನ ಹುಡುಗರೆಲ್ಲ ಸುತ್ತ ಕೂಡಿದರು. ಐನೂರು ಅಡಿಯವರೆಗೂ ಹಾರಿದ್ದು ಬೂದಿಯಂಥ ಕಲ್ಲಿನ ಹಿಟ್ಟು. ಅಪ್ಪನ ತಲೆ, ಮೀಸೆ, ಅಂಗಿ ಎಲ್ಲ ಬೆಳ್ಳಗಾದವು. ನೀರಿನ ಹನಿ ಕಾಣಲಿಲ್ಲ. ಯಂತ್ರ ಹೋದ ಮೇಲೆ ಆ ತೂತಿನ ಬಾಯಿಗೆ ಅವ್ವನೇ ದೊಡ್ಡದೊಂದು ಚಪ್ಪಡಿ ಹೊರಿಸಿ ಮುಚ್ಚಿಸಿದಳು. “ಯಾರ ಮನಿ ಕೂಸೂ ಬೀಳಬಾರದು” ಎಂದಳು. ತಮ್ಮ ಸೋಲು ಇನ್ನೊಬ್ಬರನ್ನು ‘ಎಂಡೇಂಜರ್’ ಮಾಡಬಾರದೆಂಬ ವಿವೇಕ ಅವಳಿಗೆ ಆ ಹೊತ್ತಿನಲ್ಲಿಯೂ ಇತ್ತು.

ಅಪ್ಪನ ಮೂರು ಎಕರೆಯ ಮೇಲಿನ ಸಾಲ ಇನ್ನೂ ಪೂರ್ತಿ ತೀರಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಸುಗ್ಗಿಯ ಕಾಲಕ್ಕೆ ಚೀಲ ಹೊತ್ತು ಅವನು ಕಂತು ಕಟ್ಟುತ್ತಾನೆ. ಅವ್ವನ ಎರಡು ಎಕರೆಯಲ್ಲಿ ಗೋವಿನಜೋಳ ಬೆಳೆಯುತ್ತದೆ. ಮನೆ ನಡೆಯುವುದು ಅದರಿಂದ. ನನ್ನ ಫೀ, ಬಸ್ಸಿನ ಪಾಸು, ಪುಸ್ತಕ ಎಲ್ಲವೂ ಅದರಿಂದ. ಎರಡನ್ನೂ ಒಂದೇ ಎಂದು ಅಂದು ಒಡ್ಡಿದ್ದರೆ ಇಂದು ನಾನು ಈ ಪ್ರಬಂಧ ಬರೆಯಲು ಇಲ್ಲಿರುತ್ತಿರಲಿಲ್ಲ. ಅಪ್ಪನನ್ನು ನಾನು ಜೂಜುಕೋರನೆನ್ನಲಾರೆ. ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿ ಸುಮ್ಮನಿದ್ದವರು ಕುರುಸಭೆಯ ಹಿರಿಯರು. ಪ್ರಶ್ನೆಯನ್ನು ಒಪ್ಪಿಕೊಂಡು ತನ್ನದನ್ನೇ ಒಡ್ಡಿದವನು ನಮ್ಮಪ್ಪ. ಆದುದರಿಂದ ನನ್ನ ವಾಕ್ಯ ಹೀಗಾಯಿತು: “ಅಪ್ಪನು ತನ್ನ ಹೊಲವನ್ನು ರಿಸ್ಕ್ ಮಾಡಿದನು, ಆದರೆ ಮಗಳ ಓದನ್ನು ಜೆಪರ್ಡೈಸ್ ಮಾಡಲಿಲ್ಲ.” ಪ್ರಾಧ್ಯಾಪಕರು ಅದನ್ನು ತಿದ್ದಲಿಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ಮುಂದಿನ ವಾಕ್ಯ” ಎಂದರು.

ಈಗ ಆ ಬಡ ನಿಘಂಟಿನ ಕಡೆಗೆ ಒಮ್ಮೆ ತಿರುಗೋಣ. ಎಂಟು ಎತ್ತುಗಳನ್ನು ಒಂದೇ ಗೂಟಕ್ಕೆ ಕಟ್ಟಿತೆಂದು ಅದನ್ನು ಹಾಸ್ಯ ಮಾಡಿದೆನಷ್ಟೆ; ಆ ಗೂಟವೂ ಸಾಮಾನ್ಯದ್ದಲ್ಲ. ‘ಒಡ್ಡು’ ಎಂದರೆ ಮುಂದೆ ಚಾಚುವುದು: ಕೈಯೊಡ್ಡು, ಎದೆಯೊಡ್ಡು. ಹಳೆಯ ಕನ್ನಡದಲ್ಲಿ ‘ಒಡ್ಡ’ ಎಂದರೆ ಜೂಜಿನ ಪಣ. ಕುಮಾರವ್ಯಾಸನ ದ್ಯೂತಪ್ರಸಂಗವನ್ನು ಓದಿದವರಿಗೆ ಇದು ಪರಿಚಿತ. ನಮ್ಮ ಹೊಲಗಳಲ್ಲಿ ‘ಒಡ್ಡು’ ಎಂದರೆ ಮಳೆಯ ನೀರೂ ಮಣ್ಣೂ ಕೊಚ್ಚಿಹೋಗದಂತೆ ಹಾಕುವ ಮಣ್ಣಿನ ಏರಿ. ಎದೆ ಚಾಚುವುದಕ್ಕೂ ಪಣ ಇಡುವುದಕ್ಕೂ ಕೊಚ್ಚಿಹೋಗುವುದನ್ನು ತಡೆಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಬಗೆಯ ಮಾತಾಗಿರುವುದು ಆಕಸ್ಮಿಕವಿರಬಹುದು. ಆದರೆ ಅದರಲ್ಲಿ ನಮಗೆ ಒಂದು ಬುದ್ಧಿವಾದವಿದೆ ಎಂದು ಭಾವಿಸಿದರೆ ನಷ್ಟವಿಲ್ಲ. ಒಡ್ಡುವವನಿಗೆ ಒಡ್ಡೂ ಇರಬೇಕು. ಇಷ್ಟರವರೆಗೆ ನನ್ನದು, ಇದನ್ನು ಒಡ್ಡುತ್ತೇನೆ. ಈ ಏರಿಯ ಆಚೆಗಿರುವುದು ಇನ್ನೊಬ್ಬರದು, ಅದನ್ನು ಮುಟ್ಟಲಾರೆ.

ಸಹಪಾಠಿಗಳೇ, ನಾವು ಈ ವರ್ಷ ಕಾಲೇಜು ಬಿಟ್ಟು ಹೋಗುವವರು. ಬಾಳು ನಮ್ಮನ್ನು ನಾನಾ ಗಂಡಾಂತರಗಳಿಗೆ ಕರೆಯುವುದು ನಿಶ್ಚಯ. ಅಂಜಿ ಮನೆಯಲ್ಲಿ ಕೂಡಿರೆಂದು ಹೇಳುವಷ್ಟು ಮುದುಕಿ ನಾನಲ್ಲ. ಕನಕರ ಹಾಗೆ ಕತ್ತಿ ಬಿಡುವ, ಗೋಕಾಕರ ಹಾಗೆ ಹಡಗು ಹತ್ತುವ ಧೈರ್ಯ ನಮಗೆಲ್ಲ ಬರಲಿ. ಆದರೆ ಅಪಾಯದ ಯಾವುದೇ ಕ್ರಿಯಾಪದವನ್ನು ಬಳಸುವ ಮೊದಲು ಅದರ ಕರ್ಮಪದ ಯಾರದೆಂದು ನೋಡಿಕೊಳ್ಳೋಣ. ಇನ್ನೊಬ್ಬರದಾಗಿದ್ದರೆ ಅವರನ್ನು ಕೇಳೋಣ. ರೊಟ್ಟಿ ತಟ್ಟುತ್ತಿರುವವರೊಬ್ಬರು ಕೈ ನಿಲ್ಲಿಸದೆ ಮರುಪ್ರಶ್ನೆ ಹಾಕಿದರೆ, ಉತ್ತರ ಕೊಟ್ಟು ಮುಂದೆ ಹೋಗೋಣ.